ಸರಪಳಿಯ ಎರಡು ತುದಿ

ಕಾರ್ತಿಕಮಾಸದ ಒಂದು ಸಂಜೆ, ನಮ್ಮ ಬೀದಿಯ ಹೊಸ್ತಿಲುಗಳಲ್ಲಿ ಹೆಂಗಸರು ಹಣತೆಗಳನ್ನು ಹಚ್ಚಿಡುತ್ತಿದ್ದ ಹೊತ್ತಿಗೆ, ಹಾಲಿನವನು ಮುಚ್ಚದೆ ಬಿಟ್ಟುಹೋಗಿದ್ದ ಗೇಟಿನಿಂದ ನಮ್ಮ ಮನೆಯ ನಾಯಿ ಮೋತಿ ಹೊರಕ್ಕೆ ನುಗ್ಗಿ, ಎದುರುಮನೆಯ ಅಜ್ಜಿಯ ಜಗಲಿಯ ಕೆಳಗೆ ಮುತ್ತುಗದೆಲೆಯ ಮೇಲಿನ ಅನ್ನವನ್ನು ತಿನ್ನುತ್ತಿದ್ದ ಕೆಂಚನೆಂಬ ಬೀದಿನಾಯಿಯ ಕೊರಳಿಗೆ ಬಾಯಿಹಾಕಿತು. ಕೆಂಚ ವಯಸ್ಸಾದ ಪ್ರಾಣಿ. ಆ ಬೀದಿಯ ಮಕ್ಕಳಿಂದ ಬಾಲವನ್ನು ಎಳೆಯಿಸಿಕೊಂಡು, ಕಿವಿಯನ್ನು ಹಿಂಡಿಸಿಕೊಂಡು, ಒಮ್ಮೆಯೂ ಹಲ್ಲು ತೋರಿಸದೆ ಬಾಳಿದಂಥದು. ಮೋತಿಯೂ ಮನೆಯವರ ಪಾಲಿಗೆ ಅಷ್ಟೇ ಸಾಧು. ನನ್ನ ಮೊಮ್ಮಗಳು ಅದರ ಬಾಯೊಳಗೆ ಕೈಯಿಟ್ಟು ರೊಟ್ಟಿಯ ತುಂಡನ್ನು ಈಚೆಗೆ ತೆಗೆದರೂ ಅದು ಬಾಲವಾಡಿಸುವುದೇ ಹೊರತು ಗುರ್ರೆಂದುದನ್ನು ನಾವು ಕಂಡವರಲ್ಲ. ಹೀಗೆ ಮನುಷ್ಯರಿಂದ ಸಾಧುಗಳೆನಿಸಿಕೊಂಡ ಎರಡು ಜೀವಗಳಲ್ಲಿ ಒಂದು ಇನ್ನೊಂದರ ರಕ್ತವನ್ನು ದೀಪದ ಬೆಳಕಿನಲ್ಲಿ ಚೆಲ್ಲಿದುದನ್ನು ಕಂಡಾಗ ನನ್ನಲ್ಲಿ ಹುಟ್ಟಿದುದು ಕೋಪಕ್ಕಿಂತ ಹೆಚ್ಚಾಗಿ ಲಜ್ಜೆ.

ನೀರೆರಚಿ ಬಿಡಿಸಿ, ಕೆಂಚನ ಗಾಯವನ್ನು ತೊಳೆದು, ಮಾರನೆಯ ಬೆಳಿಗ್ಗೆ ಪಶುವೈದ್ಯರನ್ನು ಕರೆತಂದ ಮೇಲೆ, ಅಜ್ಜಿಯ ಮುಂದೆ ನಿಂತು ನಮ್ಮ ನಾಯಿ ದೊಡ್ಡ ಪಾಪವನ್ನು ಮಾಡಿತೆಂದು ಹೇಳಿದೆ. ಆಕೆ ಕೆಂಚನ ತಲೆಯನ್ನು ನೇವರಿಸುತ್ತಲೇ, “ಅದಕ್ಕೆಲ್ಲಿಯ ಪಾಪ ಮೇಷ್ಟ್ರೇ? ಪಾಪ ಅಂತ ಒಂದಿದ್ದರೆ ಅದು ನಿಮಗೂ ನನಗೂ ಸೇರಬೇಕು. ನೀವು ಅದನ್ನ ಕಟ್ಟಿ ಹಾಕಿದಿರಿ, ನಾನು ದಿನಾ ಅದರ ಕಣ್ಣೆದುರಿಗೇ ಇದಕ್ಕೆ ಅನ್ನ ಹಾಕಿದೆ” ಎಂದರು. ಈ ಮಾತು ಆ ಹೊತ್ತಿಗೆ ನನಗೆ ಒಂದು ಸಮಾಧಾನದ ನುಡಿಯಾಗಿ ಮಾತ್ರ ಕೇಳಿಸಿತು. ಅದರಲ್ಲಿ ಒಂದು ಸಿದ್ಧಾಂತವೇ ಅಡಗಿದೆಯೆಂಬುದು ತಿಳಿದುಬರುವುದಕ್ಕೆ ಅನೇಕ ತಿಂಗಳುಗಳು ಬೇಕಾದವು.

ನಾಯಿಗೆ ನಾಯಿಯೇ ಏಕೆ ಹಗೆಯಾಗುತ್ತದೆ? ಎಲ್ಲ ನಾಯಿಗಳೂ ಹೀಗಿಲ್ಲವಲ್ಲ. ಒಂದೇ ಬೀದಿಯಲ್ಲಿ, ಒಂದೇ ಬಗೆಯ ಎಂಜಲಿನಿಂದ ಬೆಳೆದ ಎರಡರಲ್ಲಿ ಒಂದು ಹೊಸಬನನ್ನು ಕಂಡು ಆಟಕ್ಕೆ ಕರೆದರೆ ಮತ್ತೊಂದು ಬೆನ್ನ ಕೂದಲನ್ನು ನಿಮಿರಿಸಿಕೊಂಡು ನಿಲ್ಲುವುದಕ್ಕೆ ಕಾರಣವೇನು? ಈ ವೈರವು ಜೀವದ ಸ್ವಭಾವವೋ, ಹೊರಗಿನಿಂದ ಬಂದು ಅಂಟಿಕೊಂಡ ಸಂಸ್ಕಾರವೋ? ಸ್ವಭಾವವೇ ಆದರೆ ಅದಕ್ಕೆ ನಾಯಿಯನ್ನು ದಂಡಿಸುವುದು ಬೆಂಕಿಯನ್ನು ಸುಟ್ಟಿತೆಂದು ದಂಡಿಸಿದಂತೆ. ಸಂಸ್ಕಾರವೇ ಆದರೆ ಆ ಸಂಸ್ಕಾರದ ಕರ್ತೃ ಯಾರೆಂದು ಹುಡುಕಲೇಬೇಕಾಗುತ್ತದೆ. ಹಾಗೆ ಹುಡುಕಹೊರಟವನು ಎಲ್ಲಿಗೆ ಬಂದು ನಿಲ್ಲಬೇಕಾಗುವುದೋ ಅವನಿಗೆ ಮೊದಲೇ ತಿಳಿದಿರುವುದಿಲ್ಲ.

ನಮ್ಮ ಪೂರ್ವಿಕರು ವೈರವನ್ನು ಕುರಿತು ಸೂಕ್ಷ್ಮವಾಗಿಯೇ ವಿಚಾರಮಾಡಿದ್ದಾರೆ. ಪಂಚತಂತ್ರದ ಸಂಸ್ಕೃತ ಪಾಠದಲ್ಲಿ ಕಾಗೆಯೊಂದು ಇಲಿಯ ಸ್ನೇಹವನ್ನು ಬೇಡಿದಾಗ, ಆ ಇಲಿಯು ವೈರವೆಂಬುದು ಸಹಜ, ಕೃತ್ರಿಮ ಎಂದು ಎರಡು ತೆರನೆಂದು ವಿಂಗಡಿಸಿ, ಕೃತ್ರಿಮವಾದುದು ಅದರ ಕಾರಣವು ಹೋದೊಡನೆ ಹೋಗುವುದೆಂದೂ, ಸಹಜವಾದುದು ಪ್ರಾಣದೊಡನೆಯೇ ಹೋಗತಕ್ಕದ್ದೆಂದೂ ವಾದಿಸುತ್ತದೆ. ಸಹಜವೈರಿಗಳ ಪಟ್ಟಿಯನ್ನೂ ಅಲ್ಲಿ ಕೊಟ್ಟಿದೆ: ಹಾವು ಮುಂಗುಸಿ, ನೀರು ಬೆಂಕಿ, ನಾಯಿ ಬೆಕ್ಕು, ಸಿಂಹ ಆನೆ, ಬೇಡ ಜಿಂಕೆ, ಇತ್ಯಾದಿ. ಈ ಪಟ್ಟಿಯಲ್ಲಿ ನಾಯಿಗೆ ಎದುರಾಗಿ ಬೆಕ್ಕು ನಿಂತಿದೆ. ನಾಯಿಗೆ ಎದುರಾಗಿ ನಾಯಿ ನಿಂತಿಲ್ಲ. ಪಾಣಿನಿಯೂ ಶಾಶ್ವತವಾದ ವಿರೋಧವುಳ್ಳ ಜೀವಿಗಳ ಹೆಸರುಗಳು ದ್ವಂದ್ವಸಮಾಸದಲ್ಲಿ ಸೇರಿದಾಗ ಏಕವಚನವಾಗಬೇಕೆಂದು ವಿಧಿಸುವನು. ವ್ಯಾಖ್ಯಾನಕಾರರು ಬೆಕ್ಕು ಇಲಿಗಳನ್ನೂ ಹಾವು ಮುಂಗುಸಿಗಳನ್ನೂ ಉದಾಹರಿಸುವರು. ಭಾಷ್ಯಕಾರನಾದ ಪತಂಜಲಿಯಂತೂ ಶ್ರಮಣರನ್ನೂ ಬ್ರಾಹ್ಮಣರನ್ನೂ ಆ ಸಾಲಿಗೇ ಸೇರಿಸಿರುವನು, ಇದನ್ನು ಓದಿದಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ. ಆದರೆ ನಾಯಿಗೂ ನಾಯಿಗೂ ದ್ವಂದ್ವವನ್ನು ಕಟ್ಟಹೋದರೆ ಅದೇ ವ್ಯಾಕರಣವು ಬೇರೊಂದು ಸೂತ್ರವನ್ನು ಮುಂದೊಡ್ಡುತ್ತದೆ: ಒಂದೇ ರೂಪದ ಶಬ್ದಗಳು ಒಟ್ಟಿಗೆ ಬಂದಾಗ ಒಂದೇ ಉಳಿಯತಕ್ಕದ್ದು. ಶಬ್ದಶಾಸ್ತ್ರದಲ್ಲಿ ಸಮಾನರೂಪರಿಗೆ ದ್ವಂದ್ವವಿಲ್ಲ, ಏಕಶೇಷ ಮಾತ್ರ. ವ್ಯಾಕರಣದ ನಿಯಮದಿಂದ ಜೀವಲೋಕದ ಸತ್ಯವನ್ನು ಸಾಧಿಸುವುದು ನನ್ನ ಅಭಿಪ್ರಾಯವಲ್ಲ. ನಾಯಿಯ ಸ್ವಜಾತಿವೈರವನ್ನು ನಮ್ಮ ಹಿರಿಯರು ಸಹಜವೆಂದು ಎಣಿಸಿದಂತೆ ಈ ಪಟ್ಟಿಗಳಲ್ಲಿ ಕಾಣುವುದಿಲ್ಲವೆಂಬಷ್ಟನ್ನು ಮಾತ್ರ ಇಲ್ಲಿ ಗುರುತಿಸುತ್ತೇನೆ.

ಕರ್ಮವನ್ನು ಹೇಳಿ ಈ ಪ್ರಶ್ನೆಯನ್ನು ಒಂದೇ ಮಾತಿನಲ್ಲಿ ಮುಗಿಸುವವರುಂಟು. ಕುತ್ಸಿತವಾದ ನಡತೆಯುಳ್ಳವರು ಶ್ವಾನಯೋನಿಯಲ್ಲಿ ಹುಟ್ಟುವರೆಂಬ ಮಾತು ಛಾಂದೋಗ್ಯೋಪನಿಷತ್ತಿನಲ್ಲಿಯೇ ಇದೆ. ಹಿಂದೆ ಕಲಹಪ್ರಿಯನಾಗಿದ್ದವನು ಈಗ ಕಚ್ಚಾಡುವ ನಾಯಿಯಾಗಿರುವನೆಂದು ಅದರ ಮೇಲೆ ಕಥೆಯನ್ನು ಕಟ್ಟುವುದು ಸುಲಭ. ಜನ್ಮಾಂತರವನ್ನು ನಂಬದವನು ನಾನಲ್ಲ. ಆದರೆ ಒಂದು ಜೀವವು ನಾಯಿಯ ಶರೀರವನ್ನು ಏಕೆ ಪಡೆಯಿತೆಂಬುದಕ್ಕೆ ಕರ್ಮವು ಉತ್ತರವಾದೀತೇ ಹೊರತು, ಆ ಶರೀರವನ್ನು ಪಡೆದ ಸಾವಿರ ಜೀವಗಳಲ್ಲಿ ಈ ಒಂದು, ಈ ಬೀದಿಯಲ್ಲಿ, ಈ ಸಂಜೆ, ಆ ಮುದಿಜೀವದ ಕೊರಳನ್ನೇ ಏಕೆ ಹಿಡಿಯಿತೆಂಬುದಕ್ಕೆ ಉತ್ತರವಾಗಲಾರದು. ದೃಷ್ಟವಾದ ಕಾರಣವು ದೊರೆಯುವೆಡೆಯಲ್ಲಿ ಅದೃಷ್ಟವನ್ನು ಕಲ್ಪಿಸುವುದು ನ್ಯಾಯವಲ್ಲವೆಂದು ಮೀಮಾಂಸಕರೇ ಒಪ್ಪಿಕೊಂಡಿದ್ದಾರೆ. ಕಣ್ಣಿಗೆ ಕಾಣುವ ಕಾರಣವನ್ನು ಹುಡುಕುವ ಶ್ರಮಕ್ಕೆ ಅಂಜಿ ಕಾಣದ ಕಾರಣವನ್ನು ಮುಂದೆ ಮಾಡುವುದು ಧರ್ಮಶ್ರದ್ಧೆಯ ವೇಷವನ್ನು ಧರಿಸಿದ ಆಲಸ್ಯ.

ಕಾಣುವ ಕಾರಣಗಳನ್ನು ಅರಸುತ್ತ ಹೋದಾಗ ನನಗೆ ಹೆಚ್ಚಿನ ಬೆಳಕನ್ನು ಕೊಟ್ಟುದು ಜೈನಾಚಾರ್ಯರ ಒಂದು ವಿಭಾಗಕ್ರಮ. ಆಹಾರ, ನಿದ್ರೆ, ಭಯ, ಮೈಥುನ ಎಂಬ ನಾಲ್ಕು ಮನುಷ್ಯರಿಗೂ ಪಶುಗಳಿಗೂ ಸಮಾನವೆಂಬುದು ಎಲ್ಲರೂ ಬಲ್ಲ ಸುಭಾಷಿತ. ಜೈನಾಗಮವೂ ನಾಲ್ಕು ಸಂಜ್ಞೆಗಳನ್ನು, ಎಂದರೆ ಹುಟ್ಟುಪ್ರವೃತ್ತಿಗಳನ್ನು, ಹೇಳುತ್ತದೆ. ಆದರೆ ನಿದ್ರೆಯಿರುವ ಸ್ಥಾನದಲ್ಲಿ ಅಲ್ಲಿ ಪರಿಗ್ರಹವಿದೆ. ಆಹಾರ, ಭಯ, ಮೈಥುನ, ಪರಿಗ್ರಹ. ನಿದ್ರಿಸುವ ನಾಯಿ ಯಾರೊಡನೆಯೂ ಜಗಳವಾಡುವುದಿಲ್ಲ; ತನ್ನದೆಂದು ಹಿಡಿದುಕೊಂಡ ನಾಯಿ ಆಡುತ್ತದೆ. ಇಂದಿನ ಪಶುಮನೋವಿಜ್ಞಾನಿಗಳು ನಾಯಿಗಳ ಪರಸ್ಪರ ಆಕ್ರಮಣವನ್ನು ವಿಂಗಡಿಸುವಾಗ ಹೇಳುವ ಮುಖ್ಯ ಕಾರಣಗಳು, ಎಂದರೆ ತಿನಿಸಿನ ಕಾವಲು, ಹೆದರಿಕೆ, ಬೆದೆಯ ಪೈಪೋಟಿ, ಎಲ್ಲೆಯ ರಕ್ಷಣೆ, ಇವು ಈ ನಾಲ್ಕು ಸಂಜ್ಞೆಗಳೊಡನೆ ಹೊಂದುವುದನ್ನು ಕಂಡು ನಾನು ಬೆರಗಾಗಿದ್ದೇನೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಈ ನಾಲ್ಕರಲ್ಲಿ ವೈರವೆಂಬುದು ಇಲ್ಲ. ವೈರವು ಮೂಲಸಂಜ್ಞೆಯಲ್ಲ, ಈ ನಾಲ್ಕರಲ್ಲಿ ಯಾವುದಾದರೊಂದು ಕದಡಿದಾಗ ಮೇಲೆದ್ದು ಬರುವ ಕೆಸರು.

ಆಹಾರದ ವಿಷಯದಲ್ಲಿ ಬಹಳ ಹೇಳಬೇಕಾದುದಿಲ್ಲ. ಎಲೆಯ ಸುತ್ತ ಸೇರಿದ ನಾಯಿಗಳನ್ನು ನೋಡದವರಾರು? ಮೈಲಾರಲಿಂಗನ ಒಕ್ಕಲಾದ ಗೊರವರು ತಮ್ಮನ್ನು ದೇವರ ನಾಯಿಗಳೆಂದು ಭಾವಿಸಿ, ದೋಣಿಯಲ್ಲಿ ಹಾಲು ಬಾಳೆಹಣ್ಣುಗಳನ್ನು ತುಂಬಿಸಿ, ಬೊಗಳುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ ಅದನ್ನು ಬಾಯಿಂದ ತಿನ್ನುವ ದೋಣಿಸೇವೆಯನ್ನು ನೋಡಿದವರಿಗೆ, ನಮ್ಮ ಜನ ನಾಯಿಯ ಹಸಿವಿನ ಜಗಳವನ್ನೂ ದೇವರ ಸನ್ನಿಧಿಗೆ ಒಯ್ದು ಅರ್ಪಿಸಿರುವುದು ಗೋಚರಿಸದಿರದು. ಆದರೆ ಇದಕ್ಕೆ ವಿರುದ್ಧವಾದ ಚಿತ್ರವೂ ಒಂದಿದೆ. ಛಾಂದೋಗ್ಯದ ಮೊದಲನೆಯ ಅಧ್ಯಾಯದಲ್ಲಿ ಸ್ವಾಧ್ಯಾಯಕ್ಕೆಂದು ಹೊರಟ ಋಷಿಯ ಮುಂದೆ ಒಂದು ಬಿಳಿಯ ನಾಯಿ ಕಾಣಿಸಿಕೊಳ್ಳುತ್ತದೆ; ಬೇರೆ ನಾಯಿಗಳು ಅದರ ಸುತ್ತ ನೆರೆದು, ತಮಗೆ ಹಸಿವಾಗಿದೆಯೆಂದೂ, ಸಾಮಗಾನದಿಂದ ಅನ್ನವನ್ನು ಸಂಪಾದಿಸಿಕೊಡಬೇಕೆಂದೂ ಬೇಡುತ್ತವೆ; ಮಾರನೆಯ ಬೆಳಿಗ್ಗೆ ಅವು, ಯಜ್ಞದಲ್ಲಿ ಋತ್ವಿಜರು ಒಬ್ಬರನ್ನೊಬ್ಬರು ಹಿಡಿದುಕೊಂಡು ಸಾಗುವಂತೆ ಸಾಲಾಗಿ ಬಂದು, ಒಟ್ಟಿಗೆ ಕುಳಿತು, ಹಿಂಕಾರವನ್ನು ಹಾಡುತ್ತವೆ. ಆಧುನಿಕ ಪಂಡಿತರಲ್ಲಿ ಕೆಲವರು ಇದನ್ನು ಪುರೋಹಿತರ ಅಣಕವೆಂದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಹಸಿದ ನಾಯಿಗಳೂ ಒಂದನ್ನೊಂದು ಕಚ್ಚದೆ ಅನ್ನಕ್ಕಾಗಿ ಒಟ್ಟಿಗೆ ಹಾಡುವುದನ್ನು ಕಲ್ಪಿಸಬಲ್ಲ ಮನಸ್ಸು ಜೀವಜಾತಿಯ ವಿಷಯದಲ್ಲಿ ಬಹು ದೊಡ್ಡ ಭರವಸೆಯನ್ನಿಟ್ಟ ಮನಸ್ಸು.

ಭಯದ ಮಾತು ಬೇರೆ. ಅಲ್ಲಿ ನಾನು ನಿಧಾನಿಸಬೇಕಾಗಿದೆ. ಕೆಂಚನಿಗೆ ಹೊಲಿಗೆ ಹಾಕಿದ ಪಶುವೈದ್ಯರು ಮೋತಿಯನ್ನೂ ಬಹಳ ಹೊತ್ತು ನೋಡಿ, “ಇದು ಕೋಪದ ನಾಯಿಯಲ್ಲ ಸಾರ್, ಹೆದರಿದ ನಾಯಿ” ಎಂದರು. ತನ್ನ ಅರ್ಧದಷ್ಟು ಬಲವೂ ಇಲ್ಲದ ಮುದುಕನ ಮೇಲೆ ಎರಗಿದ ಪ್ರಾಣಿಗೆ ಹೆದರಿಕೆಯೆಂಬ ಮಾತು ನನಗೆ ವಿಚಿತ್ರವಾಗಿ ಕೇಳಿಸಿತು. ಅವರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಹೋದಂತೆ ಮಾತ್ರ ಅದರ ಅರ್ಥ ಬಿಚ್ಚಿಕೊಂಡಿತು. ನಾಯಿಮರಿಯ ಬಾಳಿನಲ್ಲಿ ಹುಟ್ಟಿದ 3ನೆಯ ವಾರದಿಂದ ಸುಮಾರು 12 ಅಥವಾ 14ನೆಯ ವಾರದವರೆಗಿನ ಕಾಲವು ಮನಸ್ಸಿನ ಬಾಗಿಲು ತೆರೆದಿರುವ ಕಾಲ. ಆ ಅವಧಿಯಲ್ಲಿ ಅದು ಯಾರನ್ನು ಕಾಣುವುದೋ, ಯಾರೊಡನೆ ಆಡುವುದೋ ಅವರೆಲ್ಲರೂ ಅದರ ಲೆಕ್ಕದಲ್ಲಿ ಲೋಕದ ಸಹಜವಾದ ನಿವಾಸಿಗಳಾಗುವರು. ಬಾಗಿಲು ಮುಚ್ಚಿದ ಮೇಲೆ ಬಂದವರು ಅಪರಿಚಿತರಾಗಿಯೇ ಉಳಿಯುವರು. ಒಡಹುಟ್ಟಿದ ಮರಿಗಳ ಕಿವಿಯನ್ನು ಕಚ್ಚಿ, ತಾನೂ ಕಚ್ಚಿಸಿಕೊಂಡು, ಹಲ್ಲು ಎಷ್ಟು ಊರಿದರೆ ಆಟ, ಎಷ್ಟು ಊರಿದರೆ ನೋವು ಎಂಬ ತಾರತಮ್ಯವನ್ನು ಅದು ಕಲಿಯುವುದು ಆಗಲೇ. ಮುಂಗಾಲುಗಳನ್ನು ನೆಲಕ್ಕೆ ಚಾಚಿ ಹಿಂಭಾಗವನ್ನೆತ್ತಿ ನಿಲ್ಲುವುದು ಆಟದ ಕರೆಯೆಂದೂ, ಮುಖವನ್ನು ಪಕ್ಕಕ್ಕೆ ತಿರುಗಿಸುವುದು, ತುಟಿಯನ್ನು ನೆಕ್ಕಿಕೊಳ್ಳುವುದು, ಸುಮ್ಮಸುಮ್ಮನೆ ನೆಲವನ್ನು ಮೂಸುವುದು, ಇವೆಲ್ಲ ನನಗೆ ಜಗಳ ಬೇಡವೆಂಬ ನಿವೇದನೆಯೆಂದೂ ತಿಳಿಯುವುದು ಆಗಲೇ. ನಾಯಿಗಳಿಗೂ ಒಂದು ಭಾಷೆಯುಂಟು, ಅದನ್ನು ತಾಯಿಯ ಮಡಿಲಲ್ಲಿಯೇ ಕಲಿಯಬೇಕು.

ನಾನು ಮೋತಿಯನ್ನು ಮನೆಗೆ ತಂದಾಗ ಅದಕ್ಕೆ ಐದು ವಾರ ತುಂಬಿರಲಿಲ್ಲ. ಆಷಾಢದ ಮಳೆಯಲ್ಲಿ ನೆನೆಯುತ್ತಿದ್ದ ಮರಿಯನ್ನು ಎತ್ತಿಕೊಂಡು ಬಂದೆನೆಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ. ಎತ್ತಿಕೊಂಡುದು ಅದರ ತಾಯಿಯ ಬಳಿಯಿಂದ ಎಂಬುದನ್ನು ಮನಸ್ಸಿಗೆ ತಂದುಕೊಂಡಿರಲಿಲ್ಲ. ಬೀದಿಯ ರೋಗಗಳು ತಗುಲದಿರಲೆಂದು ಆರು ತಿಂಗಳು ಅದನ್ನು ಗೇಟಿನ ಹೊರಗೆ ಬಿಡಲಿಲ್ಲ. ಮಕ್ಕಳು ಅದನ್ನು ಮುದ್ದಿಸಿದರು, ಬಂದವರೆಲ್ಲ ನೇವರಿಸಿದರು. ಒಂದು ನಾಯಿಯನ್ನು ಕೂಡ ಅದು ಹತ್ತಿರದಿಂದ ನೋಡಲಿಲ್ಲ. ಅಮೆರಿಕದ ಬಾರ್ ಹಾರ್ಬರ್ ಎಂಬ ಊರಿನ ಪ್ರಯೋಗಶಾಲೆಯಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳೂ ಅವರ ಸಂಗಡಿಗರೂ ದೀರ್ಘಕಾಲ ನಾಯಿಮರಿಗಳ ಬೆಳವಣಿಗೆಯನ್ನು ಅಭ್ಯಸಿಸಿದರು. ಅಲ್ಲಿ 14 ವಾರಗಳ ತನಕ ಮನುಷ್ಯರ ಸಂಪರ್ಕವಿಲ್ಲದೆ ಬಯಲಿನಲ್ಲಿ ಬೆಳೆದ ಮರಿಗಳು ಆಮೇಲೆ ಮನುಷ್ಯನನ್ನು ಕಂಡು ಕಾಡುಮೃಗಗಳಂತೆ ಬೆದರಿದುವೆಂದು ಓದಿದಾಗ, ಮೋತಿಯ ಕಥೆ ಅದರ ಮಗುಚಿದ ಮುಖವೆಂದು ನನಗೆ ಥಟ್ಟನೆ ಹೊಳೆಯಿತು. ಮನುಷ್ಯರೆಲ್ಲ ಅದಕ್ಕೆ ಸ್ವಜನ. ನಾಯಿಯೇ ಅದಕ್ಕೆ ಕಾಡುಮೃಗ. ತನ್ನ ಜಾತಿಯ ಭಾಷೆಯನ್ನರಿಯದ ಆ ಜೀವಕ್ಕೆ ಕೆಂಚನು ಪ್ರತಿದಿನವೂ ಮುಖ ತಿರುಗಿಸಿ, ನೆಲವನ್ನು ಮೂಸಿ, ನನಗೆ ಜಗಳ ಬೇಡವೆಂದು ಹೇಳಿದುದು ಒಂದು ಕ್ಷಣವೂ ಅರ್ಥವಾಗಿರಲಾರದು.

ಮಹಾಭಾರತದ ಆದಿಪರ್ವದಲ್ಲಿ ಬರುವ ಒಂದು ಪ್ರಸಂಗವು ಈ ಸಂದರ್ಭದಲ್ಲಿ ನನ್ನನ್ನು ಬಹುವಾಗಿ ಕಾಡಿತು. ಜನಮೇಜಯನು ಕುರುಕ್ಷೇತ್ರದಲ್ಲಿ ದೀರ್ಘಸತ್ರವನ್ನು ನಡೆಸುತ್ತಿದ್ದಾಗ ಸರಮೆಯೆಂಬ ಹೆಣ್ಣುನಾಯಿಯ ಮರಿಯೊಂದು ಅಲ್ಲಿಗೆ ಬಂದಿತು; ರಾಜನ ತಮ್ಮಂದಿರು ಅದನ್ನು ಹೊಡೆದರು; ಅದು ಅಳುತ್ತ ತಾಯಿಯ ಬಳಿಗೆ ಓಡಿತು. ನೀನೇನಾದರೂ ತಪ್ಪು ಮಾಡಿರಬೇಕೆಂದು ತಾಯಿ ಕೇಳಿದಳು. ನಾನು ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆ ನೋಡಲೂ ಇಲ್ಲವೆಂದು ಮರಿ ಹೇಳಿತು. ಸರಮೆ ಯಜ್ಞಶಾಲೆಗೇ ಬಂದು, ನಿರಪರಾಧಿಯನ್ನು ಏಕೆ ಹೊಡೆದಿರೆಂದು ಕೇಳಿದಾಗ ಅವರಲ್ಲಿ ಒಬ್ಬರೂ ಉತ್ತರ ಕೊಡಲಿಲ್ಲ. ಆಗ ಅವಳು, ನಿಮಗೆ ಕಾಣದ ಕಡೆಯಿಂದ ಭಯವು ಬರಲೆಂದು ಶಪಿಸಿದಳು. ಇಷ್ಟು ದೊಡ್ಡ ಇತಿಹಾಸದ ಹೊಸ್ತಿಲಲ್ಲಿಯೇ ವ್ಯಾಸರು ಪೆಟ್ಟು ತಿಂದ ನಾಯಿಮರಿಯನ್ನು ನಿಲ್ಲಿಸಿರುವುದು ಸುಮ್ಮನಲ್ಲವೆಂದು ನನ್ನ ನಂಬಿಕೆ. ಆ ಶಾಪದ ಮಾತು ಎಷ್ಟು ನಿಖರವಾಗಿದೆ! ಸಾವಾಗಲಿ ರೋಗವಾಗಲಿ ಅವಳ ಬಾಯಿಂದ ಬರಲಿಲ್ಲ. ತನ್ನ ಮರಿಗೆ ಅವರು ಕೊಟ್ಟುದು ಯಾವುದೋ ಅದನ್ನೇ ಅವರಿಗೆ ಹಿಂದಿರುಗಿಸಿದಳು: ಎಲ್ಲಿಂದ ಬಂದೀತೆಂದು ತಿಳಿಯದ ಭಯ.

ಮೈಥುನದ ವಿಷಯವನ್ನು ಕಾರ್ತಿಕದ ಆಸುಪಾಸಿನ ರಾತ್ರಿಗಳಲ್ಲಿ ನಿದ್ದೆಗೆಟ್ಟವರೆಲ್ಲ ಬಲ್ಲರು. ಬೆದೆಗೆ ಬಂದ ಒಂದು ಹೆಣ್ಣಿನ ಹಿಂದೆ ಗಂಡುಗಳು ಗುಂಪುಗೂಡಿ ಹೊಡೆದಾಡುವುದು ಋತುಧರ್ಮ. ಬೀಜ ತೆಗೆಸಿದ ಗಂಡುಗಳಲ್ಲಿ ಈ ಜಗಳ ಬಹುಮಟ್ಟಿಗೆ ಇಳಿಯುವುದಾದರೂ, ಭಯದಿಂದ ಹುಟ್ಟಿದ ಜಗಳಕ್ಕೆ ಅದು ಮದ್ದಲ್ಲ. ಒಂದೇ ಮನೆಯಲ್ಲಿ ಬೆಳೆದ ಎರಡು ಹೆಣ್ಣುನಾಯಿಗಳ ವೈಮನಸ್ಯವು ಗಂಡುಗಳದಕ್ಕಿಂತಲೂ ತೀಕ್ಷ್ಣವಾಗುವ ಸಂದರ್ಭಗಳುಂಟೆಂದು ನಾಯಿಗಳನ್ನು ಬಲ್ಲವರು ಹೇಳುವರು.

ಪರಿಗ್ರಹದ ವಿಷಯದಲ್ಲಿ ಆಸ್ಟ್ರಿಯ ದೇಶದ ಕೊನ್ರಾಡ್ ಲೊರೆನ್ಸ್ ಎಂಬ ವಿಜ್ಞಾನಿ ತನ್ನ ಮನೆಯ ನಾಯಿಯನ್ನು ಕುರಿತು ಬರೆದುದೊಂದು ಸ್ಮರಣೀಯವಾಗಿದೆ. 1973ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಈತನ ನಾಯಿಯೂ ನೆರೆಮನೆಯ ನಾಯಿಯೂ ಬೇಲಿಯ ಎರಡು ಪಕ್ಕಗಳಲ್ಲಿ ದಿನದಿನವೂ ರೋಷದಿಂದ ಬೊಗಳುತ್ತ, ಒಂದನ್ನೊಂದು ಸಿಗಿದುಹಾಕುವಂತೆ ಆರ್ಭಟಿಸುತ್ತ ಓಡಾಡುತ್ತಿದ್ದುವಂತೆ. ಒಂದು ದಿನ ದುರಸ್ತಿಗೆಂದು ಬೇಲಿಯ ಒಂದು ಭಾಗವನ್ನು ಕಿತ್ತಿದ್ದರು. ಎರಡೂ ನಾಯಿಗಳು ಎಂದಿನಂತೆ ಓಡುತ್ತ ಬಂದು ಬೇಲಿಯಿಲ್ಲದ ಜಾಗದಲ್ಲಿ ಮುಖಾಮುಖಿಯಾದುವು. ಒಂದು ಗಳಿಗೆ ಸ್ತಬ್ಧವಾಗಿ ನಿಂತು, ಆಮೇಲೆ ಎರಡೂ ಒಟ್ಟಿಗೆ ಹಿಂದಿರುಗಿ, ಬೇಲಿಯಿದ್ದ ಕಡೆಗೆ ಓಡಿ, ಅಲ್ಲಿ ಮೊದಲಿನಂತೆಯೇ ಆರ್ಭಟವನ್ನು ಮುಂದುವರಿಸಿದುವು. ತನ್ನದು ಎಂಬ ಅಭಿಮಾನಕ್ಕೆ ಒಂದು ಗೆರೆ ಬೇಕು. ಗೆರೆಯನ್ನು ಅಳಿಸಿದಲ್ಲಿ ಎದುರಿಗಿರುವುದು ತನ್ನಂತೆಯೇ ಇರುವ ಇನ್ನೊಂದು ಜೀವ. ನಾಯಿಗಳು ಆ ದರ್ಶನವನ್ನು ತಾಳಲಾರದೆ ಗೆರೆಯಿದ್ದ ಕಡೆಗೆ ಓಡಿದುವೆಂದು ಬರೆದರೆ ಅದು ನನ್ನ ಭಾವವನ್ನು ಅವುಗಳ ಮೇಲೆ ಹೊರಿಸಿದಂತಾಗುವುದು. ಆದರೆ ಎಲ್ಲ ಬೇಲಿಯೂ ಜಗಳವನ್ನು ತಡೆಯುವುದಿಲ್ಲ, ಕೆಲವು ಬೇಲಿಗಳು ಜಗಳವನ್ನು ಬೆಳೆಸುತ್ತವೆಯೆಂಬುದು ಮಾತ್ರ ನಿಜ. ನಮ್ಮ ಗೇಟಿನ ಸರಳುಗಳ ಹಿಂದೆ ನಿಂತು ಎರಡು ವರ್ಷ ಕೆಂಚನ ಎಲೆಯನ್ನು ನೋಡುತ್ತಿದ್ದ ಮೋತಿಯ ಮನಸ್ಸಿನಲ್ಲಿ ಏನು ಬೆಳೆಯಿತೆಂಬುದನ್ನು ಆ ಅಜ್ಜಿ ನನಗಿಂತ ಮೊದಲೇ ತಿಳಿದಿದ್ದರು.

ಈ ನಾಲ್ಕರ ಹೊರಗೆ ವೇದನೆಯೆಂಬುದೊಂದಿದೆ. ಕೀಲುನೋವಿನ ಮುದಿನಾಯಿ, ಕಿವಿಯಲ್ಲಿ ಹುಣ್ಣಿರುವ ನಾಯಿ, ತನ್ನನ್ನು ಮುಟ್ಟಬರುವವರನ್ನೆಲ್ಲ ನೋವಿನ ದೂತರೆಂದೇ ತಿಳಿಯುತ್ತದೆ; ನಿನ್ನೆಯವರೆಗೆ ಸ್ನೇಹದಿಂದಿದ್ದ ನಾಯಿ ಇಂದು ಹಠಾತ್ತಾಗಿ ಕಚ್ಚಿದರೆ ಅದರ ಶೀಲವನ್ನು ನಿಂದಿಸುವುದಕ್ಕೆ ಮೊದಲು ದೇಹವನ್ನು ಪರೀಕ್ಷಿಸಬೇಕು.

ಹಾಗಾದರೆ ಹುಟ್ಟಿನಿಂದ ಬಂದುದೇನೂ ಇಲ್ಲವೋ ಎಂದು ಕೇಳಿದರೆ, ಇಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಐದು ತಳಿಗಳ ಮರಿಗಳನ್ನು ಒಂದೇ ಆರೈಕೆಯಲ್ಲಿ ಬೆಳೆಸಿ ಹೋಲಿಸಿದ ವಿವರಗಳಿವೆ. ಅವುಗಳಲ್ಲಿ ಫಾಕ್ಸ್ ಟೆರಿಯರ್ ಎಂಬ ತಳಿಯ ಮರಿಗಳು ಗುಂಪುಗೂಡಿ ತಮ್ಮ ಒಡಹುಟ್ಟಿದ ಒಂದರ ಮೇಲೆ ಎರಗುತ್ತಿದ್ದುದರಿಂದ, ಪೆಟ್ಟುತಿನ್ನುವ ಮರಿಯನ್ನು ಬೇರೆಮಾಡಿ ಉಳಿಸಬೇಕಾಗುತ್ತಿದ್ದಿತು. ಬೀಗಲ್ ಮರಿಗಳಲ್ಲಿ ಅಂಥ ಉಪದ್ರವವಿರಲಿಲ್ಲ. ರಷ್ಯದ ನೊವೊಸಿಬಿರ್ಸ್ಕ್ ಎಂಬಲ್ಲಿ ಬೆಲ್ಯಾಯೆವ್ ಎಂಬ ವಿಜ್ಞಾನಿ 1959ರಲ್ಲಿ ಆರಂಭಿಸಿದ ನರಿಗಳ ಪ್ರಯೋಗವೂ ಇದನ್ನೇ ಹೇಳುತ್ತದೆ: ಸೌಮ್ಯವಾದ ನರಿಗಳನ್ನೇ ಆಯ್ದು ಕೂಡಿಸುತ್ತ ಹೋದಾಗ ಕೆಲವು ಪೀಳಿಗೆಗಳಲ್ಲಿಯೇ ನಾಯಿಯಂತೆ ಬಾಲವಾಡಿಸುವ ನರಿಗಳು ಹುಟ್ಟಿದುವು, ಉಗ್ರವಾದುವನ್ನೇ ಆಯ್ದು ಬೆಳೆಸಿದ ವಂಶ ಉಗ್ರವಾಗಿಯೇ ಉಳಿಯಿತು. ವಾಸನೆಯು ರಕ್ತದಲ್ಲಿಯೂ ಹರಿಯುತ್ತದೆಯೆಂಬುದು ಇದರಿಂದ ಸಿದ್ಧವಾಯಿತು. ಆದರೆ ನಾಯಿಯ ವಿಷಯದಲ್ಲಿ ಆ ವಾಸನೆಯನ್ನು ಆಯ್ದವರು ಯಾರು? ಇಂಗ್ಲೆಂಡಿನಲ್ಲಿ ಗೂಳಿಯ ಮೇಲೆ ನಾಯಿಗಳನ್ನು ಛೂ ಬಿಡುವ ವಿನೋದವು 1835ರ ಕಾಯಿದೆಯಿಂದ ನಿಷಿದ್ಧವಾದ ತರುವಾಯ, ಆ ವಿನೋದದ ರುಚಿಯನ್ನು ಬಿಡಲಾರದ ಜನ ನಾಯಿಯ ಮೇಲೆ ನಾಯಿಯನ್ನು ಬಿಡುವ ಆಟಕ್ಕೆ ಒಲಿದರು. ಬುಲ್‌ಡಾಗ್ ಟೆರಿಯರ್‌ಗಳ ಮಿಶ್ರಸಂತಾನದಲ್ಲಿ, ಎದುರಾಳಿ ಸೋತು ಬಿದ್ದರೂ ಬಿಡದವುಗಳನ್ನೇ ಆಯ್ದು ಬೆಳೆಸಿದರು. ಸೋತವನನ್ನು ಬಿಟ್ಟುಬಿಡುವ ವಿವೇಕವು ಶ್ವಾನಜಾತಿಗೆ ಪ್ರಕೃತಿಯು ಕೊಟ್ಟ ವರ. ಅದನ್ನು ಮನುಷ್ಯನು ಪೀಳಿಗೆಪೀಳಿಗೆಯಾಗಿ ಕಳೆಗಿಡದಂತೆ ಕಿತ್ತುಹಾಕಿದನು. ನಾವು ಆ ತಳಿಯ ಸ್ವಭಾವವೆಂದು ಕರೆಯುವುದು ಸತ್ತುಹೋದ ಮನುಷ್ಯರ ಸಂಕಲ್ಪ, ಬದುಕಿರುವ ನಾಯಿಗಳ ದವಡೆಯಲ್ಲಿ ಇನ್ನೂ ಉಸಿರಾಡುತ್ತಿರುವುದು. ನಮ್ಮ ದೇಶದಲ್ಲಿಯೂ ಪ್ರಾಣಿಗಳನ್ನು ಕಾದಾಟಕ್ಕೆ ಹುರಿದುಂಬಿಸುವುದು 1960ರ ಪ್ರಾಣಿಹಿಂಸೆ ತಡೆಯುವ ಕಾಯಿದೆಯಂತೆ ಅಪರಾಧ. ಅಲ್ಲಿ ಅಪರಾಧಿಯಾಗುವವನು ಮನುಷ್ಯ, ಕಚ್ಚಿದ ಪ್ರಾಣಿಯಲ್ಲ. ಶಾಸನವು ಈ ಒಂದು ವಿಷಯದಲ್ಲಿ ಅನೇಕ ಧರ್ಮೋಪದೇಶಕರಿಗಿಂತ ಸ್ಪಷ್ಟವಾಗಿ ನುಡಿದಿದೆ.

ನಾಯಿಯ ಹಲ್ಲನ್ನು ನಾವು ಹೊಗಳಿದುದೂ ಉಂಟು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು, ಸುಮಾರು ಕ್ರಿ. ಶ. 950ರದು, ಗಂಗರ ಬೂತುಗನ ವೀರನಾದ ಮಣಲೇರನು ಮೆಚ್ಚುಗೆಯ ಕೊಡುಗೆಯಾಗಿ ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದುದನ್ನೂ, ಆ ನಾಯಿ ಒಂದು ಮಹಾವರಾಹದೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತುದನ್ನೂ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದೆ. ಆ ಶಿಲೆ ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯ ಮುಖಕ್ಕೆ ಮುಖವೊಡ್ಡಿ ನಿಂತ ಆ ನಾಯಿಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಅದೇ ದವಡೆ, ಅದೇ ಬೆನ್ನ ನಿಮಿರು. ನಮ್ಮ ಬೇಟೆಗೆ ಒದಗಿದಾಗ ಅದಕ್ಕೆ ವೀರಗಲ್ಲು, ನಮ್ಮ ಬೀದಿಯ ನೆಮ್ಮದಿಯನ್ನು ಕೆಡಿಸಿದಾಗ ಕೋಲು.

ಪಾಪದ ಪ್ರಶ್ನೆಗೆ ಈಗ ಹಿಂದಿರುಗಬಹುದು. ಪಶುವಿಗೆ ಧರ್ಮಾಧರ್ಮಗಳ ಅಧಿಕಾರವೇ ಇಲ್ಲವೆಂಬುದು ಮೀಮಾಂಸಕರ ನಿಲವು. ವಿಧಿನಿಷೇಧಗಳನ್ನು ತಿಳಿಯಲಾರದವನಿಗೆ ಅವುಗಳ ಉಲ್ಲಂಘನೆಯೂ ಇಲ್ಲ. ಜೈನರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚಜೀವಗಳು ಸಮ್ಯಕ್ತ್ವವನ್ನು, ಎಂದರೆ ಸರಿಯಾದ ಶ್ರದ್ಧೆಯನ್ನು, ಪಡೆಯಬಲ್ಲವೆಂದೂ, ಆತ್ಮೋನ್ನತಿಯ ಮೆಟ್ಟಿಲುಗಳಾದ ಗುಣಸ್ಥಾನಗಳಲ್ಲಿ ಐದನೆಯದರವರೆಗೆ ಏರಿ ಅಂಶತಃ ವ್ರತಗಳನ್ನು ಕೂಡ ಪಾಲಿಸಬಲ್ಲವೆಂದೂ ಹೇಳುತ್ತಾರೆ. ಭಾಸ್ಕರಕವಿಯು ಷಟ್ಪದಿಯಲ್ಲಿ ಹಾಡಿದ ಜೀವಂಧರನ ಕಥೆಯಲ್ಲಿ, ಯಜ್ಞದ ಅನ್ನವನ್ನು ಮುಟ್ಟಿತೆಂದು ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ರಾಜಕುಮಾರನು ಪಂಚನಮಸ್ಕಾರವನ್ನು ಉಸುರುತ್ತಾನೆ. ಅದು ಮರುಜನ್ಮದಲ್ಲಿ ಯಕ್ಷನಾಗಿ ಅವನ ನೆರವಿಗೆ ಬರುತ್ತದೆ. ಈ ಎರಡು ಮತಗಳಲ್ಲಿ ನನ್ನ ಹೃದಯವು ಎರಡನೆಯದರ ಕಡೆಗೆ ವಾಲುತ್ತದೆ. ಏತಕ್ಕೆಂದರೆ ಮೊದಲನೆಯದು ನಾಯಿಯನ್ನು ದೋಷದಿಂದ ಬಿಡಿಸುವಾಗ ಅದರ ಅಂತಃಕರಣವನ್ನೂ ಕಳೆದುಬಿಡುತ್ತದೆ. ಎರಡನೆಯದು ಅಂತಃಕರಣವುಂಟೆಂದು ಒಪ್ಪಿ, ಅದನ್ನು ಮೇಲೆತ್ತುವ ಹೊಣೆಯನ್ನು ಎದುರಿಗಿರುವ ಮನುಷ್ಯನ ತಲೆಯ ಮೇಲಿಡುತ್ತದೆ.

ಆ ಹೊಣೆಯನ್ನು ಹೊತ್ತು ನಾನು ಮೋತಿಯನ್ನು ಸರಪಳಿಯಲ್ಲಿ ಹಿಡಿದು ಪ್ರತಿದಿನ ಬೆಳಿಗ್ಗೆ ಹೊರಟೆ. ದೂರದಲ್ಲಿ ಒಂದು ನಾಯಿ ಕಂಡರೆ ಸಾಕು, ಅದು ಹಿಂಗಾಲುಗಳ ಮೇಲೆ ನಿಂತು ಆರ್ಭಟಿಸುತ್ತಿದ್ದಿತು. ಹಲವು ವಾರಗಳ ಬಳಿಕ ಒಂದು ದಿನ, ತಿರುವಿನಲ್ಲಿ ಬೀದಿನಾಯಿಯೊಂದು ನನ್ನ ಕಣ್ಣಿಗೆ ಮೊದಲು ಬಿದ್ದಿತು. ಮೋತಿ ಹುಲ್ಲನ್ನು ಮೂಸುತ್ತ ಇದ್ದಿತು, ಅದನ್ನು ಇನ್ನೂ ಕಂಡಿರಲಿಲ್ಲ. ನನ್ನ ಕೈ ನನಗರಿವಿಲ್ಲದೆಯೇ ಸರಪಳಿಯನ್ನು ಎರಡು ಸುತ್ತು ಸುತ್ತಿಕೊಂಡು ಬಿಗಿಹಿಡಿಯಿತು. ಕೊರಳಪಟ್ಟಿ ಬಿಗಿದೊಡನೆ ಮೋತಿ ತಲೆಯೆತ್ತಿ, ಯಾವ ಕಡೆಯಿಂದ ಭಯ ಬಂದೀತೆಂದು ಸುತ್ತಲೂ ನೋಡಿ, ಆ ನಾಯಿಯನ್ನು ಕಂಡು, ಬೊಗಳಿತು. ಕ್ರಮವು ಹೀಗಿತ್ತು: ಮೊದಲು ನನ್ನ ಅಂಜಿಕೆ, ಆಮೇಲೆ ಸರಪಳಿ, ಆಮೇಲೆ ನಾಯಿ. ನಾಯಿಗಳು ಒಂದನ್ನೊಂದು ಸಂಧಿಸುವಾಗ ನೆಟ್ಟಗೆ ಎದುರುಬದುರಾಗಿ ಹೋಗದೆ ಬಳಸುದಾರಿಯಲ್ಲಿ, ಪಕ್ಕದಿಂದ, ತಲೆತಗ್ಗಿಸಿ ಹೋಗುವುದು ಅವುಗಳ ಮರ್ಯಾದೆ; ಬಿಗಿದ ಸರಪಳಿಯು ನಾಯಿಯ ಎದೆಯನ್ನು ಮೇಲೆತ್ತಿ, ಕಣ್ಣನ್ನು ನೇರವಾಗಿಸಿ, ಹಿಂದೆಗೆಯುವ ದಾರಿಯನ್ನೂ ಮುಚ್ಚಿ, ಅದು ಬಯಸದಿದ್ದರೂ ಅದರ ದೇಹದಿಂದ ಯುದ್ಧದ ಮಾತನ್ನೇ ಆಡಿಸುತ್ತದೆ.

ಅಹಿಂಸೆಯಲ್ಲಿ ಪ್ರತಿಷ್ಠಿತನಾದವನ ಸನ್ನಿಧಿಯಲ್ಲಿ ಇತರ ಜೀವಿಗಳು ವೈರವನ್ನು ತೊರೆಯುವುವೆಂದು ಯೋಗಸೂತ್ರಕಾರನಾದ ಪತಂಜಲಿ ಹೇಳುವನು. ಬಾಲ್ಯದಿಂದ ನಾನು ಇದನ್ನು ಋಷ್ಯಾಶ್ರಮಗಳಲ್ಲಿ ಹುಲಿಯೂ ಹಸುವೂ ಒಂದೇ ಕೊಳದಲ್ಲಿ ನೀರು ಕುಡಿಯುವ ಚಿತ್ರವಾಗಿಯೇ ತಿಳಿದುಕೊಂಡಿದ್ದೆ. ಅದು ಮಹಾತ್ಮರ ಸಿದ್ಧಿ, ನಮ್ಮಂಥ ಗೃಹಸ್ಥರಿಗೆ ಸಂಬಂಧಿಸಿದುದಲ್ಲವೆಂದು ಬಗೆದಿದ್ದೆ. ಆ ತಿರುವಿನಲ್ಲಿ ನಿಂತಾಗ ಸೂತ್ರದ ಇನ್ನೊಂದು ಮೈ ನನಗೆ ಕಂಡಿತು. ಸನ್ನಿಧಿಯೆಂಬುದು ಸಿದ್ಧರಿಗೆ ಮಾತ್ರ ಇರುವುದಲ್ಲ. ಪ್ರತಿಯೊಬ್ಬನಿಗೂ ಒಂದು ಸನ್ನಿಧಿಯುಂಟು. ಅವನ ಕೈಗಳ ಬಿಗಿತ, ಉಸಿರಿನ ಗತಿ, ಹೆಜ್ಜೆಯ ಅವಸರ, ಇವುಗಳ ಮೂಲಕ ಅದು ಪಕ್ಕದ ಜೀವಕ್ಕೆ ಹರಿಯುತ್ತಲೇ ಇರುತ್ತದೆ. ಭಯದಲ್ಲಿ ಪ್ರತಿಷ್ಠಿತನಾದವನ ಸನ್ನಿಧಿಯಲ್ಲಿ ವೈರವು ಹುಟ್ಟುವುದೂ ಅಷ್ಟೇ ನಿಶ್ಚಿತ. ಮೋತಿಯು ಐದು ವಾರದ ಮರಿಯಾಗಿದ್ದಾಗ ನಾನು ಬೀದಿಯ ರೋಗಕ್ಕೆ ಹೆದರಿದೆ; ಆರು ತಿಂಗಳಾದಾಗ ಬೀದಿಯ ನಾಯಿಗಳಿಗೆ ಹೆದರಿದೆ; ಕೆಂಚನನ್ನು ಕಚ್ಚಿದ ಮೇಲೆ ಮೋತಿಗೇ ಹೆದರಿದೆ. ಅದರ ಭಯವು ಅದರದಾಗಿತ್ತೇ, ನನ್ನದನ್ನು ಅದು ಹೊತ್ತಿತ್ತೇ ಎಂದು ಈಗ ಬೇರ್ಪಡಿಸಿ ಹೇಳಲಾರೆ.

ಅಂದಿನಿಂದ ಒಂದು ವರ್ಷ ಕಳೆದಿದೆ. ಸರಪಳಿಯ ಬದಲಾಗಿ ಉದ್ದವಾದ ಹಗ್ಗವೊಂದನ್ನು ತಂದಿದ್ದೇನೆ. ಅಜ್ಜಿ ಕೆಂಚನ ಎಲೆಯನ್ನು ಹಿತ್ತಲಿನ ಕಡೆ ಹಾಕುತ್ತಾರೆ. ಗೇಟಿಗೆ ಒಳಗಿನಿಂದ ತಗಡನ್ನು ಹೊಡೆಸಿದ್ದೇನೆ. ಬೇರೆ ನಾಯಿಗಳು ಕಂಡಾಗ ರಸ್ತೆಯ ಆಚೆಯ ಮಗ್ಗುಲಿಗೆ, ಮೋತಿಯ ಬೆನ್ನ ಕೂದಲು ನಿಮಿರದಷ್ಟು ದೂರಕ್ಕೆ ಸರಿದು ನಿಂತು, ಅದಕ್ಕೆ ಒಂದು ತುಂಡು ರೊಟ್ಟಿಯನ್ನು ಕೊಡುತ್ತ, ನನ್ನ ಉಸಿರನ್ನು ನಾನೇ ಗಮನಿಸುತ್ತೇನೆ. ಸ್ನೇಹವಾಯಿತೆಂದು ಹೇಳಲಾರೆ, ಕಳೆದುಹೋದ ಆ ಕೆಲವು ವಾರಗಳನ್ನು ಯಾವ ಅಭ್ಯಾಸವೂ ಸಂಪೂರ್ಣವಾಗಿ ಹಿಂದಕ್ಕೆ ತಂದುಕೊಡದು. ಮೊನ್ನೆ ಬೆಳಿಗ್ಗೆ ಕೆಂಚ, ಒಂದು ಕಾಲನ್ನು ಕೊಂಚ ಎಳೆಯುತ್ತ, ಆಚೆಯ ಮಗ್ಗುಲಲ್ಲಿ ಬಂದಿತು. ನನ್ನ ಬೆರಳುಗಳು ಹಗ್ಗದ ಮೇಲೆ ಮಡಚಿಕೊಳ್ಳಹೊರಟುದನ್ನು ಕಂಡು ನಾನು ಅವುಗಳನ್ನು ಬಿಡಿಸಿದೆ. ಕೆಂಚ ನಿಂತು, ಮುಖವನ್ನು ಪಕ್ಕಕ್ಕೆ ತಿರುಗಿಸಿತು. ಮೋತಿ ಬಹಳ ಹೊತ್ತು ನೋಡಿತು. ಆಮೇಲೆ ತಲೆಯನ್ನು ಬಗ್ಗಿಸಿ, ಅಲ್ಲಿ ಏನೂ ಇಲ್ಲದ ನೆಲವನ್ನು ಮೂಸಿತು.